ಮೆಕ್ಕೆಜೋಳದ ಸಪ್ಪೆ ಪೂರ್ತಿ ಮಾರಿಬಿಡಬಹುದಾ?

ಪ್ರಶ್ನೆ (ಜಗಳೂರು ತಾಲ್ಲೂಕಿನ ರೈತರು): ನಮಸ್ಕಾರ ಮೇಡಂ. ನಮ್ಮದು ನಾಲ್ಕು ಎಕರೆ ಕೆಂಪು ಹೊಲ, ಮಳೆ ನಂಬಿದ ಬೇಸಾಯ. ಈ ಸಲ ಎಕರೆಗೆ 20 ಕ್ವಿಂಟಲ್ ಮೆಕ್ಕೆಜೋಳ ಬಂತು. ತೆನೆ ಮುರಿದಾಯ್ತು, ಸಪ್ಪೆ, ಅಂದ್ರೆ ಒಣ ದಂಟು, ಹಾಗೇ ನಿಂತಿದೆ. ಎಥೆನಾಲ್ ಮಾಡೋಕೆ ಬೇಕು, ಬೇಲರ್ (ಸಪ್ಪೆಯನ್ನು ಒತ್ತಿ ಕಟ್ಟೋ ಯಂತ್ರ) ತಂದು ಪೂರ್ತಿ ಕಟ್ಟಿಕೊಂಡು ಹೋಗ್ತೀವಿ ಅಂತ ಒಬ್ಬರು ಕೇಳುತ್ತಿದ್ದಾರೆ. ಬೆಂಕಿ ಹಚ್ಚೋದಕ್ಕಿಂತ ಒಳ್ಳೇದು ಅಲ್ವಾ?

ಉತ್ತರ (ಬೇಸಾಯ ತಜ್ಞೆ): ಬೆಂಕಿಗಿಂತ ಖಂಡಿತ ಒಳ್ಳೇದು. ಆದರೆ "ಪೂರ್ತಿ" ಅನ್ನೋದಕ್ಕೆ ಒಪ್ಪಬೇಡಿ ಅಣ್ಣಾ.

ಕಾಳು ಎಷ್ಟೋ ಸಪ್ಪೆಯೂ ಹೆಚ್ಚು ಕಡಿಮೆ ಅಷ್ಟೇ. ನಿಮ್ಮ ಎಕರೆಯಲ್ಲಿ ಸುಮಾರು ಎರಡು ಟನ್ ಒಣ ಸಪ್ಪೆ ಇದೆ. ಅದರೊಳಗಿನ ಪೊಟ್ಯಾಷ್ ಹತ್ತಿರ ಹತ್ತಿರ ಒಂದು ಮೂಟೆ ಎಂಒಪಿ ಅನ್ನೋ ಪೊಟ್ಯಾಷ್ ಗೊಬ್ಬರಕ್ಕೆ ಸಮ. ಸಾರಜನಕವೂ ಅರ್ಧ ಮೂಟೆ ಯೂರಿಯಾಕ್ಕೆ ಕಡಿಮೆ ಇಲ್ಲ. ಅವರು ಕೊಡೋ ದುಡ್ಡಿನಲ್ಲಿ ಇದನ್ನು ಕಳೆದು ನೋಡಿ. ಗೊಬ್ಬರವನ್ನಾದರೂ ಅಂಗಡಿಯಿಂದ ತರಬಹುದು. ಮಣ್ಣಿನ ಸಾವಯವ ಇಂಗಾಲವನ್ನು ಎಲ್ಲಿಂದ ತರ್ತೀರಿ? ನಿಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಅದು ಮೊದಲೇ ಕಡಿಮೆ. ನನಗೆ ಹೆಚ್ಚು ಚಿಂತೆ ಇರೋದು ಅದರದ್ದೇ.

ಮೊದಲ ಪಾಲು ದನಕ್ಕೆ. ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಮೊಣಕಾಲುದ್ದ ಕೂಳೆ ಬಿಡಿಸಿ. ಉದುರಿದ ರವದಿಯನ್ನು (ಒಣ ಎಲೆ, ಸಿಪ್ಪೆ) ಕೆರೆದು ಒಯ್ಯೋಕೆ ಬಿಡಬೇಡಿ. ಹೊಲ ಇಳಿಜಾರಾಗಿದ್ದರೆ ಸಪ್ಪೆ ಕೊಡಲೇಬೇಡಿ, ಮೊದಲ ಜೋರು ಮಳೆಗೇ ಮೇಲ್ಮಣ್ಣು ಕೊಚ್ಚಿ ಹೋಗುತ್ತೆ.

ಧೈರ್ಯವಾಗಿ ಮಾರಬಹುದಾದದ್ದು ಬೆಂಡು, ಅಂದ್ರೆ ಕಾಳು ಬಿಡಿಸಿದ ತೆನೆಯ ದಿಂಡು. ಒಕ್ಕಣೆ ಆದ ಜಾಗದಲ್ಲೇ ಗುಡ್ಡೆ ಬಿದ್ದಿರುತ್ತೆ, ಅದರಲ್ಲಿ ಗೊಬ್ಬರದ ಸತ್ವವೂ ಕಡಿಮೆ. ಎಥೆನಾಲ್‌ಗಷ್ಟೇ ಅಲ್ಲ, ಫರ್‌ಫ್ಯೂರಲ್ ಅನ್ನೋ ರಾಸಾಯನಿಕಕ್ಕೂ ಬೆಂಡು ಒಳ್ಳೆಯ ಕಚ್ಚಾವಸ್ತು. ಅದರಿಂದ ಎರಕದ ಅಚ್ಚಿನ ಮರಳಿಗೆ ಹಾಕೋ ಅಂಟು ತಯಾರಾಗುತ್ತೆ.

ಪ್ರಶ್ನೆ (ಹರಿಹರದಿಂದ ಒಬ್ಬರು): ನಮ್ಮದು ಭದ್ರಾ ನಾಲೆಯ ಭತ್ತ ಮೇಡಂ. ಹುಲ್ಲಿಗೂ ಇದೇ ಲೆಕ್ಕನಾ?

ಉತ್ತರ: ಸ್ವಲ್ಪ ಬೇರೆ. ನೀರು ನಿಂತ ಗದ್ದೆಯಲ್ಲಿ ಹಸಿ ಹುಲ್ಲು ಮುಗ್ಗಿದರೆ ಭೂಮಿಯ ಬಿಸಿ ಏರಿಸೋ ಮೀಥೇನ್ ಅನಿಲ ಜಾಸ್ತಿ ಏಳುತ್ತೆ. ಹಾಗಾಗಿ ಒಂದು ಪಾಲು ಹೊರಗೆ ಹೋಗೋದು ಒಳ್ಳೇದೇ. ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಘಟಕವನ್ನು ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತೆಗೆಯೋ ಲೆಕ್ಕದಲ್ಲಿ ಕಟ್ಟಿದ್ದಾರೆ. ಆದರೆ ಹುಲ್ಲಿನಲ್ಲೂ ಟನ್ನಿಗೆ ಸುಮಾರು 15 ಕೆಜಿ ಪೊಟ್ಯಾಷ್ ಇದೆ. ಮಾರಿದ ವರ್ಷ ಅದನ್ನು ಗದ್ದೆಗೆ ವಾಪಸ್ ಹಾಕಲೇಬೇಕು.

ಪ್ರಶ್ನೆ (ಜಗಳೂರಿನವರು): ಬೇಲರ್‌ನವರು ನಾಳೆನೇ ಬರ್ತೀವಿ ಅಂತಾರೆ ಮೇಡಂ.

ಉತ್ತರ: ಒಂದು ಮಳೆ ಬರೋ ಹಾಗಿದ್ದರೆ ತಡೆಯಿರಿ ಅಣ್ಣಾ. ಸಪ್ಪೆ ನೆನೆದರೆ ಪೊಟ್ಯಾಷ್ ತೊಳೆದು ಅಲ್ಲೇ ಮಣ್ಣಿಗೆ ಇಳಿಯುತ್ತೆ. ಮತ್ತೆ ಚೆನ್ನಾಗಿ ಒಣಗಿದ ಮೇಲೆ ಕಟ್ಟಲಿ.