ಗಾಲಿಯಿಂದ ಐಸ್‌ಗೆ: ದಾವಣಗೆರೆಯಲ್ಲಿದ್ದುಕೊಂಡು ಮಗಳನ್ನು ಫಿಗರ್ ಸ್ಕೇಟಿಂಗ್‌ಗೆ ತಯಾರು ಮಾಡುವುದು ಹೇಗೆ?

ವಿದ್ಯಾನಗರದಮ್ಮ:
ಮಗಳಿಗೆ 9 ವರ್ಷ. ದಾವಣಗೆರೆಯಲ್ಲೇ ಸಿಮೆಂಟ್ ಅಂಗಳದಲ್ಲಿ ಕ್ವಾಡ್ (ಮುಂದೆ ಎರಡು, ಹಿಂದೆ ಎರಡು ಗಾಲಿಯ ಸ್ಕೇಟ್) ಹಾಕಿಕೊಂಡು ಆರ್ಟಿಸ್ಟಿಕ್, ಅಂದರೆ ಜಂಪ್, ಸ್ಪಿನ್ ಇರುವ ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಅರ್ಧ ಸುತ್ತಿನ ವಾಲ್ಟ್ಜ್ ಜಂಪ್, ಒಂದು ಸುತ್ತಿನ ಜಂಪ್‌ಗಳಾದ ಸಿಂಗಲ್ ಸಾಲ್ಕೌ, ಸಿಂಗಲ್ ಟೋ ಲೂಪ್ ಬರುತ್ತವೆ. ಒಂಟಿ ಕಾಲಿನ ಸ್ಪಿನ್ ಮೂರು ಸುತ್ತಿಗೆ ನಿಂತುಬಿಡುತ್ತದೆ. ಐಸ್ ಮೇಲೆ ಸ್ಪರ್ಧೆ ಮಾಡಬೇಕು ಅನ್ನುವುದು ಅವಳ ಆಸೆ. ಗಾಲಿಯಲ್ಲಿ ಕಲಿತದ್ದು ಐಸ್ ಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ? ಐಸ್ ಬೂಟು ಈಗಲೇ ಕೊಳ್ಳಬೇಕೇ? ವಯಸ್ಸಿನ ಮಿತಿ ಏನು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಎಡ್ಜ್‌ಮಾಸ್ತರ್:
ಮೇಡಂ, ಮೊದಲು ವಯಸ್ಸಿನ ಲೆಕ್ಕ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಋತು ಜುಲೈ 1ಕ್ಕೆ ಶುರು. ಆ ದಿನಕ್ಕೆ ಮುಂಚೆ 13 ತುಂಬಿದ್ದರೆ ಜೂನಿಯರ್. ಸಿಂಗಲ್ಸ್‌ನಲ್ಲಿ 19 ತುಂಬುವವರೆಗೂ ಅದರಲ್ಲೇ ಇರಬಹುದು. ಸೀನಿಯರ್‌ಗೆ ಮೊದಲು 15 ಸಾಕಿತ್ತು. 2022ರ ತೀರ್ಮಾನದ ನಂತರ ಅದು 16 ಆಗಿ, 2024–25ರ ಋತುವಿನಿಂದ 17 ಆಗಿದೆ. ಜುಲೈ ಎರಡನೇ ವಾರದಲ್ಲಿ ಹುಟ್ಟಿದ ಮಗು ಇಡೀ ಒಂದು ಋತು ಕಾಯಬೇಕಾಗುತ್ತದೆ, ಹುಟ್ಟಿದ ದಿನಾಂಕ ನೋಡಿಕೊಳ್ಳಿ. ನಿಮ್ಮ ಮಗಳ ಕೈಯಲ್ಲಿ ನಾಲ್ಕು ವರ್ಷ ಇದೆ. ಅವಸರ ಬೇಡ, ಆದರೆ ಈ ನಾಲ್ಕು ವರ್ಷ ಹಾಳಾಗಬಾರದು.

ಗಾಲಿಯಿಂದ ಐಸ್‌ಗೆ ದಾಟುವುದು ಏನೆಂದರೆ: ಒಳ ಎಡ್ಜ್ ಹೊರ ಎಡ್ಜ್‌ಗಳ (ಪಾದವನ್ನು ಒಳಕ್ಕೆ ಇಲ್ಲವೇ ಹೊರಕ್ಕೆ ವಾಲಿಸಿ ಬಾಗಿದ ದಾರಿಯಲ್ಲಿ ಸಾಗುವುದು) ಅರಿವು, ಕ್ರಾಸ್‌ಓವರ್ (ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುವುದು), ಥ್ರೀ ಟರ್ನ್ (ಒಂದೇ ಕಾಲಲ್ಲಿ ಹಿಂದು ಮುಂದಾಗಿ ತಿರುಗುವುದು), ಮೊಹಾಕ್ (ಕಾಲು ಬದಲಿಸಿ ಹಾಗೆ ತಿರುಗುವುದು), ಗಾಳಿಯಲ್ಲಿ ಮೈಯನ್ನು ಬಿಗಿಹಿಡಿಯುವ ಭಂಗಿ, ಹಿಂಮುಖ ಹೊರ ಎಡ್ಜ್ ಮೇಲೆ ಇಳಿಯುವ ಅಭ್ಯಾಸ. ಎಡ್ಜ್‌ನಿಂದಲೇ ಏಳುವ ಸಾಲ್ಕೌ, ಲೂಪ್, ಆಕ್ಸೆಲ್ ಬೇಗ ಒಗ್ಗುತ್ತವೆ. ಸ್ಕೇಟಿನ ಮುಂತುದಿ ಊರಿ ಏಳುವ ಟೋ ಲೂಪ್, ಫ್ಲಿಪ್, ಲಟ್ಜ್ ತಡವಾಗುತ್ತವೆ. ಗಾಲಿ ಸ್ಕೇಟಿನ ಮುಂತುದಿಯ ರಬ್ಬರಿನ ಟೋ ಸ್ಟಾಪರ್ ನೆಲಕ್ಕೆ ಒತ್ತಿ ನಿಲ್ಲುತ್ತದೆ, ಐಸ್ ಬ್ಲೇಡಿನ ಮುಂತುದಿಯ ಹಲ್ಲು (ಟೋ ಪಿಕ್) ಐಸ್‌ಗೆ ಚುಚ್ಚಿ ನಿಲ್ಲುತ್ತದೆ, ಹಾಗಾಗಿ ಕಾಲು ಊರುವ ಕೋನವನ್ನೇ ಬದಲಿಸಬೇಕು. ಸ್ಪಿನ್ ಅಂತೂ ಹೆಚ್ಚುಕಡಿಮೆ ಹೊಸದಾಗಿಯೇ ಕಲಿಯುವುದು. ಐಸ್ ಮೇಲೆ ತಿರುಗುವ ಬಿಂದು ಟೋ ಪಿಕ್‌ನ ಸ್ವಲ್ಪ ಹಿಂದೆ, ಪಾದದ ಮುಂಗಾಲ ಉಬ್ಬಿನ ಕೆಳಗೆ ಇರುತ್ತದೆ. ಹಿಮ್ಮಡಿ ಮೇಲೆ ತಿರುಗುವ ಹೀಲ್ ಕ್ಯಾಮೆಲ್‌ನಂಥ ಗಾಲಿಯ ಸ್ಪಿನ್‌ಗಳಿಗೆ ಅಲ್ಲಿ ಕೆಲಸವಿಲ್ಲ, ಅವುಗಳ ಮೇಲೆ ಸಮಯ ಹಾಕಬೇಡಿ.

ಐಸ್ ಎಲ್ಲಿ? ಡೆಹ್ರಾಡೂನಿನ ಹಿಮಾದ್ರಿ ರಿಂಕ್ ಪೂರ್ಣ ಅಳತೆಯ ಒಳಾಂಗಣ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು, ಬಹುಕಾಲ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆಯಿತು. ಶಿಮ್ಲಾದ 1920ರ ರಿಂಕ್ ಸಹಜ ಐಸಿನದು, ಚಳಿಗಾಲದಲ್ಲಿ ಮಾತ್ರ. ಮಾಲ್‌ಗಳ ಸಣ್ಣ ಐಸ್ ಅಂಗಳಗಳು ಕಾಲು ಒಗ್ಗಿಸಿಕೊಳ್ಳಲು ಸಾಕು. ಒಲಿಂಪಿಕ್ ಅಳತೆ 60 ಮೀಟರ್ ಉದ್ದ, 30 ಮೀಟರ್ ಅಗಲ, ಅಲ್ಲಿ ಬೇಕಾಗುವ ವೇಗ ಸಣ್ಣ ಅಂಗಳದಲ್ಲಿ ಬರುವುದಿಲ್ಲ. ವಾರಕ್ಕೊಂದು ದಿನ ಬೆಂಗಳೂರಿಗೆ ಓಡಾಡುವುದಕ್ಕಿಂತ ರಜೆಯಲ್ಲಿ ಒಟ್ಟಿಗೆ ಮೂರು ನಾಲ್ಕು ವಾರ ದಿನಾ ಐಸ್ ಸಿಗುವ ಶಿಬಿರವೇ ಮೇಲು. ವಾರದ ನಡುವೆ ಮತ್ತೆ ಗಾಲಿ ಹತ್ತಿದರೆ ಬ್ಲೇಡಿನ ತೂಕ ಕಾಲಿಗೆ ಮರೆತುಹೋಗುತ್ತದೆ.

ಗಾಲಿಯೇ ಗುರಿಯಾದರೂ ಅದು ಕಡಿಮೆ ದಾರಿಯಲ್ಲ. ಹೈದರಾಬಾದಿನ ಅನೂಪ್ ಕುಮಾರ್ ಯಮ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಕಂಚು ಗೆದ್ದದ್ದು ಆರ್ಟಿಸ್ಟಿಕ್ ರೋಲರ್‌ನಲ್ಲೇ. 2015ರ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು.

ದುರ್ಗದ ಸಾಣೆ:
ಐಸ್ ಬೂಟು ಈಗಲೇ ಕೊಳ್ಳಬೇಡ್ರಿ. ಈ ವಯಸ್ಸಿನಲ್ಲಿ ಪಾದ ವರ್ಷಕ್ಕೆ ಒಂದು ಸೈಜಾದರೂ ಬೆಳೀತದೆ. ಐಸ್ ದಿನಾ ಸಿಗೋ ತನಕ ಆ ದುಡ್ಡನ್ನ ಕ್ವಾಡಿಗೇ ಹಾಕ್ರಿ.

ಮೊದಲು ಟ್ರಕ್ (ಗಾಲಿ ಜೋಡಿಯನ್ನ ಬೂಟಿನ ಅಡಿಗೆ ಹಿಡಿದಿರೋ ಭಾಗ) ನೋಡ್ರಿ. ನಮ್ಮ ಕಡೆ ಹೆಚ್ಚಿನ ಮಕ್ಕಳ ಕ್ವಾಡಿನಲ್ಲಿ ನಟ್ ಪೂರ್ತಿ ಬಿಗಿದಿರ್ತಾರೆ, ಮಗು ಬೀಳಬಾರದು ಅಂತ. ಹಂಗೆ ಮಾಡಿದರೆ ಪಾದ ವಾಲಿಸಿದರೂ ಗಾಲಿ ತಿರುಗೋದಿಲ್ಲ. ಮಗು ಎಡ್ಜ್ ಬಿಟ್ಟು ಸೊಂಟ ತಿರುಚಿ ತಿರುಗೋದು ಕಲೀತದೆ, ಆಮೇಲೆ ಬಿಡಿಸೋದು ಭಾಳ ಕಷ್ಟ. ಕಾಲು ಸುತ್ತಿನಷ್ಟೇ ಸಡಿಲಿಸಿ, ಒಂದು ವಾರ ಬಿಟ್ಟು ಮತ್ತೆ ಕಾಲು ಸುತ್ತು. ಒಂಟಿ ಕಾಲಲ್ಲಿ ವಾಲಿದಾಗ ಸ್ಕೇಟ್ ತಾನೇ ಬಾಗಿದ ದಾರಿ ಹಿಡಿದರೆ ಅಲ್ಲಿಗೆ ನಿಲ್ಲಿಸ್ರಿ. ನಿಂತಲ್ಲೇ ಪಾದ ಗಡಗಡ ಅಂದರೆ ಅತಿಯಾಯ್ತು ಅಂತ ಅರ್ಥ. ನಡುವಿನ ರಬ್ಬರ್ ಕುಶನ್ ಬಿರುಕು ಬಿಟ್ಟಿದ್ದರೆ ನಟ್ ಎಷ್ಟು ತಿರುವಿದರೂ ಉಪಯೋಗ ಇಲ್ಲ, ಬದಲಿಸ್ರಿ. ನಿಮ್ಮ ಮಗಳ ಸ್ಪಿನ್ ಮೂರೇ ಸುತ್ತಿಗೆ ನಿಲ್ಲೋದಕ್ಕೆ ಇದೇ ಕಾರಣ ಇರಬಹುದು, ಮೊದಲು ಇದನ್ನೇ ನೋಡ್ರಿ.

ಗಾಲಿ 57 ಮಿಲಿಮೀಟರಿನದು ಸರಿ. ಒರಟು ಸಿಮೆಂಟಿಗೆ ಸ್ವಲ್ಪ ಮೆತ್ತನೆಯದು, ನುಣುಪು ನೆಲಕ್ಕೆ ಗಟ್ಟಿಯದು. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ನೆಲದಲ್ಲಿ ಗಾಲಿ ಇನ್ನೂ ಮೆತ್ತಗಾಗಿ ಹಿಡೀತದೆ, ಸ್ಪಿನ್ ಮಾಡುವಾಗ ಮೊಣಕಾಲು ತಿರುಚಿಕೊಳ್ತದೆ. ಮಾರ್ಚಿಂದ ಮೇ ತನಕ ಬೆಳಿಗ್ಗೆ ಏಳರೊಳಗೆ ಅಭ್ಯಾಸ ಮುಗಿಸ್ರಿ. ನಮ್ಮೂರ ಧೂಳು ಬೇರಿಂಗಿಗೆ ಶತ್ರು. ತಿಂಗಳಿಗೊಮ್ಮೆ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಒಂದೆರಡು ಹನಿ ತೆಳು ಎಣ್ಣೆ ಬಿಡ್ರಿ. ನೀರು ಸೋಕಿದ ಬೇರಿಂಗನ್ನ ಹಂಗೇ ಇಟ್ಟರೆ ತುಕ್ಕು ಹಿಡೀತದೆ.

ಐಸಿನ ಬೂಟು ಕೊಳ್ಳುವ ದಿನ ಬಂದಾಗ ತೆಳು ಕಾಲುಚೀಲ ಹಾಕಿ ಅಳತೆ ಕೊಡ್ರಿ. ಲೇಸ್ ಕಟ್ಟಿ ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೆ ಏಳಬಾರದು. ಬೆಳೆಯೋ ಮಗು ಅಂತ ಎರಡು ಸೈಜ್ ದೊಡ್ಡದು ತರಬೇಡ್ರಿ, ಹಿಮ್ಮಡಿ ಜಾರಿ ಎಡ್ಜ್ ಎರಡೂ ಹೋಗ್ತದೆ. ಟ್ರಿಪಲ್ ಜಂಪ್ ಮಾಡೋರ ಗಟ್ಟಿ ಬೂಟನ್ನ ಸಿಂಗಲ್ ಮಾಡೋ ಮಗುವಿಗೆ ಹಾಕಿದರೆ ಪಾದದ ಗಂಟು ಬಗ್ಗೋದೇ ಇಲ್ಲ, ಇಳಿದ ಪೆಟ್ಟೆಲ್ಲ ಮೊಣಕಾಲಿಗೆ. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಇರ್ತದೆ, ಅದರ ಎರಡು ಅಂಚುಗಳೇ ಎಡ್ಜ್. ಸುಮಾರು 20ರಿಂದ 40 ಗಂಟೆ ಆಡಿದ ಮೇಲೆ ಸಾಣೆ ಹಿಡಿಸಬೇಕು. ಮಾಮೂಲಿ ಸಾಣೆಯವರ ಹತ್ತಿರ ದಯವಿಟ್ಟು ಕೊಡಬೇಡ್ರಿ. ತೋಡು ಮಟ್ಟವಾಗಿ, ಕೆಳಗಿನ ಹಲ್ಲು ಸವೆದುಹೋಗಿ ಬ್ಲೇಡೇ ಹಾಳು. ಐಸಿಂದ ಇಳಿದ ತಕ್ಷಣ ಒರೆಸಿ ಬಟ್ಟೆಯ ಕವರ್ ಹಾಕ್ರಿ. ಪ್ಲಾಸ್ಟಿಕ್ ಗಾರ್ಡ್ ನಡೆಯೋದಕ್ಕೆ ಮಾತ್ರ, ಚೀಲದಲ್ಲಿ ಅದನ್ನೇ ಹಾಕಿಟ್ಟರೆ ತೇವ ನಿಂತು ತುಕ್ಕು.

ವಿದ್ಯಾನಗರದಮ್ಮ:
ತುಂಬಾ ಉಪಕಾರ ಆಯ್ತು. ಅವಳ ಗೆಳತಿಯ ಹತ್ತಿರ ಇನ್‌ಲೈನ್ (ಗಾಲಿಗಳು ಒಂದೇ ಸಾಲಿನಲ್ಲಿರುವ ಸ್ಕೇಟ್) ಇದೆ, ಅದು ಐಸ್‌ಗೆ ಹತ್ತಿರ ಅನ್ನುತ್ತಾರೆ. ಬದಲಿಸಬೇಕೇ? ಆಕ್ಸೆಲ್ ಯಾವಾಗ ಶುರು ಮಾಡಿಸಬಹುದು?

ಎಡ್ಜ್‌ಮಾಸ್ತರ್:
ಗೆಳತಿಯದು ಸ್ಪೀಡ್ ಇನ್‌ಲೈನ್ ಆಗಿದ್ದರೆ ಬೇಡ. ಅದರ ಗಾಲಿಗಳೆಲ್ಲ ಒಂದೇ ಮಟ್ಟದಲ್ಲಿ ನೆಲ ಮುಟ್ಟುತ್ತವೆ, ಥ್ರೀ ಟರ್ನ್ ತಿರುಗಿಸಲು ಹೋದರೆ ಕೆರೆದುಕೊಂಡು ನಿಲ್ಲುತ್ತದೆ. ಫಿಗರ್ ಇನ್‌ಲೈನ್ ಬೇರೆ: ಬ್ಲೇಡಿನ ಹಾಗೆ ಮಧ್ಯದಲ್ಲಿ ಸ್ವಲ್ಪ ಉಬ್ಬು, ಮುಂದೆ ಸ್ಟಾಪರ್. ಪಿಕ್ ಫ್ರೇಮ್, ರೋಲ್ ಲೈನ್‌ನ ಲೀನಿಯಾ ಈ ಬಗೆಯವು. ಸಿಂಗಲ್ ಲೂಪ್ ಗಟ್ಟಿಯಾದ ಮೇಲೆ ಅದಕ್ಕೆ ಹೋಗಿ ಎಂಬುದು ನನ್ನ ಅಭಿಪ್ರಾಯ.

ಆಕ್ಸೆಲ್‌ಗೆ ಮುಂಚೆ ಬ್ಯಾಕ್ ಸ್ಪಿನ್, ಅಂದರೆ ಜಂಪ್ ಇಳಿಯುವ ಕಾಲಿನ ಮೇಲೆ ತಿರುಗುವ ಸ್ಪಿನ್. ಎಡಕ್ಕೆ ತಿರುಗುವ ಮಗು ಎಡಗಾಲಿನ ಮುಮ್ಮುಖ ಹೊರ ಎಡ್ಜ್‌ನಿಂದ ಏಳುತ್ತದೆ, ಬಲಗಾಲ ಮೇಲೆ ಇಳಿಯುತ್ತದೆ. ಗಾಳಿಯಲ್ಲಿ ತೂಕ ಎಡದಿಂದ ಬಲಕ್ಕೆ ದಾಟದಿದ್ದರೆ ಒಂದೂವರೆ ಸುತ್ತು ಮುಗಿಯುವುದೇ ಇಲ್ಲ. ಕ್ರಮ ಹೀಗಿರಲಿ: ಬಲಗಾಲಲ್ಲಿ ಬ್ಯಾಕ್ ಸ್ಪಿನ್ ಐದು ಸುತ್ತು, ನೆಲದ ಮೇಲೆ ಶೂ ಹಾಕಿ ಆಕ್ಸೆಲ್, ವಾಲ್ಟ್ಜ್ ಜಂಪ್ ಹಿಂದೆಯೇ ಲೂಪ್, ಆಮೇಲೆ ಸ್ಕೇಟ್ ಮೇಲೆ ಆಕ್ಸೆಲ್. ಸಾಮಾನ್ಯ ತಪ್ಪು ಎರಡು. ಭುಜವನ್ನು ಮೊದಲೇ ತಿರುಗಿಸಿದರೆ ಎಡ್ಜ್ ಜಾರುತ್ತದೆ. ಬಲ ಮಂಡಿ ಮೇಲೆ ಹೋಗುವ ಬದಲು ಪಕ್ಕಕ್ಕೆ ಬೀಸಿದರೆ ಜಂಪ್ ವಾಲಿ ಬೀಳುತ್ತದೆ.

ಬರದ ಜಂಪನ್ನು ಸ್ಪರ್ಧೆಯ ಕಾರ್ಯಕ್ರಮದಲ್ಲಿ ಹಾಕಿಸಬೇಡಿ. ಇತ್ತೀಚಿನ ಋತುಗಳ ಐಸ್ ಅಂಕಪಟ್ಟಿಯಲ್ಲಿ ಡಬಲ್ ಆಕ್ಸೆಲ್‌ಗೆ ಮೂಲ ಅಂಕ 3.3, ಸಿಂಗಲ್‌ಗೆ 1.1. ಡಬಲ್ ಪೂರ್ತಿ ತಿರುಗಿ ಬಿದ್ದರೂ ಗುಣಮಟ್ಟದಲ್ಲಿ ಅರ್ಧ, ಅಂದರೆ 1.65 ಹೋಗುತ್ತದೆ, ಬಿದ್ದದ್ದಕ್ಕೆ ಮತ್ತೊಂದು ಅಂಕ ಕಳೆಯುತ್ತಾರೆ. ಉಳಿಯುವುದು 0.65. ಶುದ್ಧವಾಗಿ ಇಳಿದ ಸಿಂಗಲ್ ಅದಕ್ಕಿಂತ ಹೆಚ್ಚು ತರುತ್ತದೆ. ಗಾಲಿಯ ರೋಲ್‌ಆರ್ಟ್ ಎಂಬ ಅಂಕ ಪದ್ಧತಿಯೂ ಇದೇ ಮಾದರಿಯದು, ಅಂಕಗಳು ಮಾತ್ರ ಬೇರೆ.

ಮಂಡಿಪಾಲಕಿ:
ಅಕ್ಕಾ, ಮೈಯ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಹೊರೆ ಒಂದೇ ಕಾಲಿಗೆ ಬೀಳುತ್ತದೆ, ಅದೂ ಯಾವಾಗಲೂ ಅದೇ ಕಾಲಿಗೆ. ಜಂಪ್‌ಗಳನ್ನು ಎಣಿಸಿ ಮಾಡಿಸಿ. ದಣಿದ ಮೇಲೆ ಮಾಡಿದ ಹತ್ತು ಜಂಪ್ ಕಲಿಸುವುದು ತಪ್ಪನ್ನೇ. ಇನ್ನೊಂದು ಕಾಲಿಗೂ ಒಂಟಿ ಕಾಲಿನ ಬಸ್ಕಿ ಮಾಡಿಸಿ. ಹಗ್ಗದಾಟ ದಿನಾ ಇರಲಿ. ಭರತನಾಟ್ಯಕ್ಕೆ ಹೋಗುತ್ತಿದ್ದರೆ ಬಿಡಿಸಬೇಡಿ: ಅರೆಮಂಡಿಯಿಂದ ತೊಡೆಸಂದು ತೆರೆದುಕೊಳ್ಳುತ್ತದೆ, ಮೊಹಾಕ್‌ಗೂ ಎರಡೂ ಪಾದ ಹೊರಕ್ಕೆ ತಿರುಗಿಸಿ ಸಾಗುವ ಸ್ಪ್ರೆಡ್ ಈಗಲ್‌ಗೂ ಅದೇ ಬೇಕಾದದ್ದು. ಜಂಪ್ ಜಾಸ್ತಿ ಇರುವ ದಿನ ಮಾತ್ರ ತಟ್ಟಡವು ಕಡಿಮೆ ಮಾಡಿಸಿ.

11ರಿಂದ 14ರ ನಡುವೆ ಉದ್ದ ಬೆಳೆಯುವಾಗ ಬಂದ ಜಂಪ್‌ಗಳೂ ತಪ್ಪಿಹೋಗುತ್ತವೆ. ಆಗ ಕೆಲವರು ತೂಕ ಇಳಿಸಲು ಹೇಳುತ್ತಾರೆ, ಒಪ್ಪಬೇಡಿ. ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗಿ ಕಾಲಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಅಭ್ಯಾಸ ಮುಗಿದ ಒಂದು ಗಂಟೆಯೊಳಗೆ ಮೊಟ್ಟೆಯೋ ಕಾಳಿನ ಪಲ್ಯವೋ ಹಾಲೋ ಹೊಟ್ಟೆ ತುಂಬ ಕೊಡಿ. ಮೊಣಕಾಲಿನ ಕೆಳಗೆ ಒಂದೇ ಜಾಗದಲ್ಲಿ ಒತ್ತಿದರೆ ನೋವು ಎಂದು ಎರಡು ವಾರ ಹೇಳಿದರೆ ಜಂಪ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಎಡ್ಜ್ ಅಭ್ಯಾಸ ನಡೆಸಬಹುದೇ ಇಲ್ಲವೇ ಎಂಬುದನ್ನೂ ಅವರನ್ನೇ ಕೇಳಿ.