ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಜಗ್ಗುವುದೇಕೆ?

ಪ್ರಶ್ನೆ: ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹತ್ತುವಾಗ, ತಿರುವಿನಲ್ಲಿ ವೇಗ 20 ಕಿ.ಮೀ.ಗೆ ಇಳಿದ ಮೇಲೂ ಮೂರನೇ ಗೇರಿನಲ್ಲಿಯೇ ಆಕ್ಸಿಲರೇಟರ್ ಒತ್ತಿದರೆ, ನನ್ನ ಪೆಟ್ರೋಲ್ ಕಾರು ನಾಲ್ಕೈದು ಬಾರಿ ಜಗ್ಗುತ್ತದೆ, ಗೇರ್ ಲಿವರ್ ಕೈಯಲ್ಲಿ ಗಡಗಡ ನಡುಗುತ್ತದೆ. ಇಂಜಿನ್ ಕೆಟ್ಟಿರಬಹುದೇ ಎಂಬ ಆತಂಕ ನನ್ನದು. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ಬಹುಮಟ್ಟಿಗೆ ಇದು ಗೇರಿನ ಆಯ್ಕೆಯ ದೋಷ ಸರ್. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡೇ ಬಾರಿ ಬಲ ಕೊಡುತ್ತದೆ. ನಿಮಿಷಕ್ಕೆ 3,000 ಸುತ್ತಿರುವಾಗ ಸೆಕೆಂಡಿಗೆ 100 ಹೊಡೆತಗಳು ಬೀಳುತ್ತವೆ, 900 ಸುತ್ತಿಗೆ ಇಳಿದರೆ ಕೇವಲ 30. ಹೊಡೆತಗಳ ನಡುವಿನ ಬಿಡುವು ಹೀಗೆ ಹಿಗ್ಗಿದಾಗ ಇಂಜಿನ್ನಿನ ತಿರುಗಾಟವನ್ನು ಸಮವಾಗಿಡುವ ಭಾರದ ಚಕ್ರವಾದ ಫ್ಲೈವೀಲ್ ಅದನ್ನು ಪೂರ್ತಿ ಸಮಗೊಳಿಸಲಾರದು. ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳೂ ಆಕ್ಸಲ್‌ಗಳೂ ಇಂಜಿನ್ ಮೌಂಟಿನ ರಬ್ಬರೂ ತಿರುಚಿಕೊಂಡು ಮತ್ತೆ ಸಡಿಲಗೊಳ್ಳುವ ಆ ಎಳೆದಾಟವೇ ನಿಮಗೆ ಜಗ್ಗಿನಂತೆ ಭಾಸವಾಗುತ್ತದೆ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿ, ಅದೇ ವೇಗದಲ್ಲಿ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ.

ಇನ್ನೊಂದು ಉತ್ತರ: ಇದನ್ನು ಒಪ್ಪುತ್ತೇನೆ, ಆದರೆ 2,000 ಸುತ್ತು ಮೀರಿದ ಮೇಲೂ ಜಗ್ಗುತ್ತಿದ್ದರೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಮೆಕ್ಯಾನಿಕ್‌ಗೆ ತೋರಿಸಲೇಬೇಕು. ನನ್ನ ಕಾರಿನಲ್ಲಿ ಒಂದು ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಬಿರುಕಿತ್ತು.

ಪ್ರಶ್ನೆ ಕೇಳಿದವರು: ಇಂದು ಅದೇ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿದೆ. ಇಂಜಿನ್ ಸುತ್ತು ತೋರಿಸುವ ಮೀಟರಿನ ಸೂಜಿ 1,400ರ ಬಳಿ ನಿಂತಿತು, ಜಗ್ಗು ಕಾಣಲಿಲ್ಲ. ಇಬ್ಬರಿಗೂ ಧನ್ಯವಾದಗಳು.