ತೋಟದಲ್ಲಿ ಸಿಕ್ಕ ಆನೆ ಕಾಸು ಅಸಲಿಯಾ? ನಾಣ್ಯ ಪರಿಶೀಲಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರ): ನಮಸ್ಕಾರ ಸರ್. ತೋಟದಲ್ಲಿ ಮಣ್ಣಿನಡಿ ಹೋದ ಪೈಪಿನ ವಾಲ್ವ್ ಹುಡುಕೋಕೆ ನಮ್ಮ ಭಾವ ಒಂದು ಮೆಟಲ್ ಡಿಟೆಕ್ಟರ್ ತರಿಸಿದ್ದರು. ಹಿಂದೆ ತೋಟದ ಕೂಲಿಯವರ ಲೈನ್ ಮನೆಗಳಿದ್ದ ಜಾಗದಲ್ಲಿ ಅದು ಕೂಗಿತು. ಒಂದು ಗೇಣು ಅಗೆದಾಗ ಎರಡು ನಾಣ್ಯ ಸಿಕ್ಕವು. ಒಂದು ತಾಮ್ರದ್ದು, ದಪ್ಪ, ಹಸಿರು ಕಟ್ಟಿದೆ. ಒಂದು ಕಡೆ ಆನೆ, ಇನ್ನೊಂದು ಕಡೆ ಏನೋ ಗೀಟುಗಳು. ಎರಡನೆಯದು ಬಿಳೀದು, ರಾಣಿ ಮುಖ, 1862 ಅಂತ ಚೆನ್ನಾಗಿ ಓದಬಹುದು. ಆನೆಯದು ಹೊಯ್ಸಳರ ಕಾಲದ್ದು ಅಂತ ಊರಲ್ಲಿ ಹೇಳುತ್ತಿದ್ದಾರೆ. ನನಗೆ ರಾಣಿಯದೇ ಅಸಲಿ ಅನ್ನಿಸುತ್ತಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೋ ಹಾಕಲಾ?

ಉತ್ತರ: ದಯವಿಟ್ಟು ತಿಕ್ಕಬೇಡಿ. ಹುಣಸೆ, ನಿಂಬೆ, ಬೂದಿ, ಪಾಲಿಶ್ ಯಾವುದೂ ಬೇಡ. ಆ ಹಸಿರು ಕಿಲುಬು ಮಣ್ಣಿನಲ್ಲಿ ಬಹಳ ಕಾಲ ಕೂತು ಬೆಳೆದದ್ದು. ಅಸಲಿ ಹೌದೋ ಅಲ್ಲವೋ ಅನ್ನೋದಕ್ಕೆ ಅದೇ ದೊಡ್ಡ ಸಾಕ್ಷಿ. ಪಳಪಳ ಹೊಳೆಯೋ ಹಾಗೆ ಉಜ್ಜಿ ತಂದ ನಾಣ್ಯಗಳನ್ನು ನಾನು ತುಂಬಾ ನೋಡಿದ್ದೇನೆ. ಅಕ್ಷರದ ಅಂಚುಗಳೇ ಹೋಗಿರುತ್ತವೆ. ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಒಣಗಲು ಬಿಡಿ, ಸಡಿಲವಾದ ಮಣ್ಣು ತಾನಾಗಿ ಉದುರಲಿ, ಅಷ್ಟು ಸಾಕು.

ಹೊಯ್ಸಳರದು ಅನ್ನೋದು ಬೇಲೂರು, ಹಳೇಬೀಡು ಹತ್ತಿರ ಇರೋದಕ್ಕೆ ಹುಟ್ಟಿದ ಮಾತು. ಹೊಯ್ಸಳರ ಹೆಸರಾದ ನಾಣ್ಯಗಳು ಚಿನ್ನದವು. ವಿಷ್ಣುವರ್ಧನನ ನಾಣ್ಯದಲ್ಲಿ ಸಿಂಹ ಇರುತ್ತದೆ, ಹಿಂದೆ 'ಶ್ರೀ ತಲಕಾಡುಗೊಂಡ' ಅಂತಲೋ 'ಶ್ರೀ ನೊಣಂಬವಾಡಿಗೊಂಡ' ಅಂತಲೋ ಹಳಗನ್ನಡ ಅಕ್ಷರ ಇರುತ್ತದೆ. ದಪ್ಪ ತಾಮ್ರದ ಮೇಲೆ ಆನೆ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ದಾರಿ. ಒಂದು ಟಿಪ್ಪು ಸುಲ್ತಾನನ ಪೈಸೆ. ಇನ್ನೊಂದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು. ಒಡೆಯರ ಆನೆಯ ಮೇಲೆ 'ಶ್ರೀ' ಮತ್ತು ಸೂರ್ಯ ಚಂದ್ರ ಇರುತ್ತವೆ, ಹಿಂಬದಿಯಲ್ಲಿ 'ಮಯಿಲಿ ಕಾಸು' ಅಂತ ಕನ್ನಡ ಇರುತ್ತದೆ. ಟಿಪ್ಪುವಿನದಾದರೆ ಕನ್ನಡ ಇರುವುದಿಲ್ಲ, ಎಲ್ಲಾ ಪಾರಸಿ ಲಿಪಿ. ನಿಮ್ಮ 'ಗೀಟು'ಗಳನ್ನು ಉರ್ದು ಬಲ್ಲವರಿಗೆ ತೋರಿಸಿ.

ಆಮೇಲೆ ಇಷ್ಟು ಮಾಡಿ. ಎರಡನ್ನೂ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಎರಡು ದಶಾಂಶದವರೆಗೆ ಬೇಕು. ಮ್ಯಾಗ್ನೆಟ್ ಹಿಡಿದು ನೋಡಿ. ಆ ತಕ್ಕಡಿಯ ಮೇಲೇ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದ ಹಾಗೆ ಕೈಯಲ್ಲಿ ಹಿಡಿದಿರಿ. ಆಗ ತಕ್ಕಡಿ ಎಷ್ಟು ತೋರಿಸುತ್ತದೋ ಬರೆದುಕೊಳ್ಳಿ. ಕೊನೆಗೆ ಭೂತಗನ್ನಡಿಯಲ್ಲಿ ಅಂಚನ್ನು ಸುತ್ತಲೂ ನೋಡಿ.

ಪ್ರಶ್ನೆ ಕೇಳಿದವರು: ಸರ್, ಎಲ್ಲಾ ಮಾಡಿಸಿದೆ. ಮ್ಯಾಗ್ನೆಟ್‌ಗೆ ಎರಡೂ ಹಿಡಿಯಲಿಲ್ಲ. ಆನೆ ಕಾಸು 11.20 ಗ್ರಾಂ, ನೀರಿನಲ್ಲಿ ಹಿಡಿದಾಗ 1.27. ಅಂಚು ಸೊಟ್ಟ, ಒಂದು ಕಡೆ ಸೀಳಿದೆ, ಆನೆಯ ಹಿಂಗಾಲು ಅರ್ಧ ಕಟ್ ಆಗಿದೆ. ರಾಣಿಯದು 9.80, ನೀರಿನಲ್ಲಿ 1.13. ಅದರ ಅಂಚಿನಲ್ಲಿ ಮೇಲ್ಗಡೆ ಒಂದು ಉಬ್ಬು ಇದೆ. ಮುಖದ ಸುತ್ತ 'ವಿಕ್ಟೋರಿಯಾ ಎಂಪ್ರೆಸ್' ಅಂತ ಇದೆ. ಉರ್ದು ಶಾಲೆ ಮೇಷ್ಟ್ರು ಆನೆಯದನ್ನು ಓದಿದರು. ಹಿಂದೆ 'ಜರ್ಬ್ ನಗರ' ಅಂತೆ. ಆನೆಯ ಮೇಲೆ 2221 ಅಂತ ಇಸವಿ ಇದೆಯಂತೆ. 2221 ಇನ್ನೂ ಬಂದೇ ಇಲ್ಲ. ಹಾಗಾದ್ರೆ ಅದು ನಕಲಿ ಅಲ್ವಾ ಸರ್?

ಉತ್ತರ: ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಅವರು ಸರಿಯಾಗಿಯೇ ಓದಿದ್ದಾರೆ. ನಿಮಗೆ ಅನುಮಾನ ಹುಟ್ಟಿಸಿದ ಆ 2221ನ್ನು ಓದಿ ನನಗೆ ಮೈ ಜುಂ ಅಂದಿತು!

ಟಿಪ್ಪು 1787ರ ಸುಮಾರಿಗೆ ಮೌಲೂದಿ ಅನ್ನೋ ಹೊಸ ವರ್ಷದ ಲೆಕ್ಕ ತಂದ. ಅದರ ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಲು ಶುರುಮಾಡಿದ. ಹಾಗಾಗಿ ನಿಮ್ಮ 2221ನ್ನು ತಿರುಗಿಸಿ ಓದಬೇಕು, 1222 ಆಗುತ್ತದೆ. ಹೊಸ ಲೆಕ್ಕದ ನಾಣ್ಯಗಳು 1215ರಿಂದ ಶುರು, 1227ಕ್ಕೆ ಮುಗಿಯುತ್ತವೆ. 1222 ಅಂದರೆ ಸುಮಾರು 1794-95. 'ಜರ್ಬ್ ನಗರ' ಅಂದರೆ ನಗರದಲ್ಲಿ ಮುದ್ರೆಯಾದದ್ದು. ಈಗ ಹೊಸನಗರ ತಾಲ್ಲೂಕಿನಲ್ಲಿರುವ ನಗರ, ಹಳೆಯ ಬಿದನೂರು. ಅಲ್ಲಿ ಟಿಪ್ಪುವಿನ ಟಂಕಸಾಲೆ ಇತ್ತು. ನಿಮ್ಮೂರಿನ ಮಂಜರಾಬಾದ್ ಕೋಟೆ ಕಟ್ಟಿದ್ದು 1792ರಲ್ಲಿ. ಮಲೆನಾಡಿನ ಟಂಕಸಾಲೆಯ ಪೈಸೆ ಸಕಲೇಶಪುರದ ಮಣ್ಣಿನಲ್ಲಿ ಸಿಗೋದು ಆಶ್ಚರ್ಯವಲ್ಲ.

ಇಸವಿಯನ್ನು ನಕಲಿ ಮಾಡುವವರೂ ನೋಡಿಕೊಂಡು ಕೆತ್ತಬಹುದು. ಹಾಗಾಗಿ ಅದೊಂದನ್ನೇ ನಂಬಿ ನಾನು ಹೇಳುತ್ತಿಲ್ಲ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ ಬರುತ್ತದೆ, ನಿಮ್ಮದು ಅಲ್ಲಿಗೇ ಇದೆ. ನೀರಿನಲ್ಲಿ ಹಿಡಿದಾಗ ತಕ್ಕಡಿ ತೋರಿಸಿದ್ದು ನಾಣ್ಯದಷ್ಟೇ ಗಾತ್ರದ ನೀರಿನ ತೂಕ. 11.20ನ್ನು 1.27ರಿಂದ ಭಾಗಿಸಿದರೆ 8.8, ಅಂದರೆ ಅಷ್ಟೇ ಗಾತ್ರದ ನೀರಿಗಿಂತ 8.8 ಪಟ್ಟು ಭಾರ. ಶುದ್ಧ ತಾಮ್ರ 8.9, ಕಿಲುಬು ಇದ್ದರೆ ತುಸು ಕಡಿಮೆ ಬರುತ್ತದೆ. ಅಂಚು ಸೀಳಿರೋದು, ಆನೆಯ ಕಾಲು ಕಟ್ ಆಗಿರೋದು ನೋಡಿ ಬೇಜಾರಾಗಬೇಡಿ. ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಏಟು ಪಕ್ಕಕ್ಕೆ ಸರಿದರೆ ಚಿತ್ರವೂ ಸರಿಯುತ್ತಿತ್ತು, ಜೋರಾಗಿ ಬಿದ್ದರೆ ಅಂಚು ಸೀಳುತ್ತಿತ್ತು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಒಂದು ಸಣ್ಣ ಗೆರೆ ಕಾಣುತ್ತದೆ, ಮೈಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿಗಳಿರುತ್ತವೆ, ಚಿತ್ರ ಸವೆದ ಸೋಪಿನ ಥರ ಇರುತ್ತದೆ. ನೀವು ಹಾಕಿದ ಫೋಟೋದಲ್ಲಿ ಇದ್ಯಾವುದೂ ಇಲ್ಲ. ಕೈಯಲ್ಲಿ ಹಿಡಿದು ನೋಡಿದ ಮೇಲೇ ಕೊನೆಯ ಮಾತು, ಆದರೆ ನನಗೆ ಇದು ಅಸಲಿ ಅಂತಲೇ ಅನ್ನಿಸುತ್ತಿದೆ.

ರಾಣಿಯ ರೂಪಾಯಿ ನಕಲಿ. ಅದನ್ನು ಹೇಳೋಕೆ ತಕ್ಕಡಿಯೂ ಬೇಕಿಲ್ಲ. 1876ರವರೆಗಿನ ರೂಪಾಯಿಯಲ್ಲಿ 'ವಿಕ್ಟೋರಿಯಾ ಕ್ವೀನ್' ಅಂತ ಇರುತ್ತದೆ, 1877ರಿಂದ 'ಎಂಪ್ರೆಸ್'. 1862ರ ನಾಣ್ಯದಲ್ಲಿ ಎಂಪ್ರೆಸ್ ಬರಲು ಸಾಧ್ಯವಿಲ್ಲ. ಅಸಲಿ ಬೆಳ್ಳಿ ರೂಪಾಯಿ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಸವೆದರೂ 9.80ಕ್ಕೆ ಇಳಿಯುವುದಿಲ್ಲ. 9.80ನ್ನು 1.13ರಿಂದ ಭಾಗಿಸಿ, 8.7 ಬರುತ್ತದೆ. ಆ ಬೆಳ್ಳಿಗೆ 10.3 ಬರಬೇಕಿತ್ತು. ಇದು ಬಹುಶಃ ಜರ್ಮನ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದೆ ಅಷ್ಟೇ, ಒಳಗೆ ತಾಮ್ರ, ನಿಕ್ಕಲ್, ಸತು.

ಮಣ್ಣಿನಿಂದ ಬಂದದ್ದೆಲ್ಲಾ ಹಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಆ ಉಬ್ಬು ಬೆಸುಗೆ ಇರಬೇಕು, ಕೊಂಡಿ ಕೂರಿಸಿದ್ದರ ಗುರುತು. ಲೈನ್ ಮನೆಯಲ್ಲಿದ್ದ ಯಾರದೋ ಕೊರಳಿನ ಸರದಿಂದ ಕಳಚಿ ಬಿದ್ದದ್ದಿರಬಹುದು. ಬೆಲೆ ಇಲ್ಲ ಅಂತ ಬಿಸಾಡಬೇಡಿ. ಅದನ್ನು ಹಾಕಿಕೊಂಡು ಕಾಫಿ ಹಣ್ಣು ಬಿಡಿಸಿದವರೊಬ್ಬರು ಅಲ್ಲಿದ್ದರಲ್ಲ.

ಪ್ರಶ್ನೆ (ಚಿಕ್ಕಮಗಳೂರು): ಸರ್, ನಮ್ಮ ಅತ್ತೆಯವರ ದೇವರಮನೆಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರೋ 1818ರ ಈಸ್ಟ್ ಇಂಡಿಯಾ ಕಂಪನಿಯ ಅರ್ಧ ಆಣೆ ಇದೆ. ಫೋನಿನಲ್ಲಿ ಒಬ್ಬರು ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ನೋಂದಣಿ ಫೀಸು ಕಳಿಸಿ ಅಂತಿದ್ದಾರೆ. ಅಕ್ಕಿ ಕಾಳು ಎಳೆಯುತ್ತಾ ನೋಡಿ ಅಂತಲೂ ಹೇಳಿದರು.

ಉತ್ತರ: ಒಂದು ರೂಪಾಯಿಯೂ ಕಳಿಸಬೇಡಿ ಅಮ್ಮ. ಆ ನಂಬರನ್ನು ಪೊಲೀಸರಿಗೆ ಕೊಡಿ. ಕಂಪನಿ ಅಂಥ ರಾಮನ ಅರ್ಧ ಆಣೆಯನ್ನು ಹೊರಡಿಸಲೇ ಇಲ್ಲ. ಇಡೀ ದೇಶಕ್ಕೆ ಒಂದೇ ಥರದ ಕಂಪನಿ ನಾಣ್ಯ ಬಂದದ್ದೇ 1835ರಲ್ಲಿ, ಅದರ ಅರ್ಧ ಆಣೆಯಲ್ಲಿ ದೇವರ ಚಿತ್ರ ಇಲ್ಲ. ನಿಮ್ಮದು ಆಮೇಲೆ ಭಕ್ತರಿಗೆ ಅಂತ ಮಾಡಿ ಮಾರಿದ ಬಿಲ್ಲೆ. ಪೂಜೆಯಲ್ಲಿ ಹಾಗೇ ಇರಲಿ, ಅತ್ತೆಯವರ ಭಕ್ತಿಗೆ ಅದರಿಂದ ಏನೂ ಕಡಿಮೆ ಇಲ್ಲ. ಅಕ್ಕಿ ಎಳೆಯೋ ನಾಣ್ಯ ಅನ್ನೋದು ಶುದ್ಧ ಮೋಸ. ಅದನ್ನು ನಂಬಿ ಮನೆ ಮಾರಿಕೊಂಡವರಿದ್ದಾರೆ.

ಪ್ರಶ್ನೆ ಕೇಳಿದವರು (ಸಕಲೇಶಪುರ): ಸರ್, ಭಾವ ಈಗ ಕೋಟೆ ಹತ್ತಿರ ಡಿಟೆಕ್ಟರ್ ಹಿಡಿದು ಹೋಗೋಣ ಅಂತಿದ್ದಾರೆ.

ಉತ್ತರ: ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ತೋಟದ ಆ ಗುಂಡಿಯನ್ನೂ ಇನ್ನು ಕೆದಕಬೇಡಿ. ಮಣ್ಣಿನಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆಯಲ್ಲೇ ಇದೆ. ಅಲ್ಲಿ ಹೇಳಿರುವ ಬೆಲೆ ಹತ್ತು ರೂಪಾಯಿ ಮಾತ್ರ. ನಮ್ಮ ರಾಜ್ಯಕ್ಕೂ 1962ರ ಕಾಯ್ದೆ ಇದೆ. ಸ್ವಂತ ತೋಟ ಅನ್ನೋ ಕಾರಣಕ್ಕೆ ಬಿಡುವಂತಿಲ್ಲ. ಏನು ಸಿಕ್ಕಿತು, ಎಲ್ಲಿ, ಯಾವತ್ತು ಅಂತ ಒಂದು ಪುಟ ಬರೆದು ಹಾಸನಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಭಯ ಬೇಡ. ಮುಚ್ಚಿಟ್ಟರೆ ಮಾತ್ರ ತೊಂದರೆ.

ಅಲ್ಲಿಯವರೆಗೆ ಎರಡನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ ಬೇಡ. ಲಕೋಟೆಯ ಮೇಲೆ ತಾರೀಕು, ಆಳ, ಯಾವ ಮರದಿಂದ ಎಷ್ಟು ಹೆಜ್ಜೆ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಬರೆದಾದ ಮೇಲೆ ನಾಣ್ಯ ಒಳಗೆ ಹಾಕಿ, ಮೊದಲೇ ಹಾಕಿದರೆ ಪೆನ್ಸಿಲ್ ಒತ್ತುತ್ತದೆ.